ಕೈಗೆ ಬಿಡುವು, ಕಣ್ಣಿಗೆ ಬಿಡುವಿಲ್ಲ

1933ರ ಜುಲೈ 15ರ ಬೆಳಗಿನ ಜಾವ ನ್ಯೂಯಾರ್ಕಿನ ಫ್ಲಾಯ್ಡ್ ಬೆನೆಟ್ ವಿಮಾನ ನಿಲ್ದಾಣದಿಂದ ಒಂದೇ ಎಂಜಿನ್ನಿನ ಬಿಳಿಯ ವಿಮಾನವೊಂದು ಮೇಲೆದ್ದಿತು. ಅದರ ಹೆಸರು 'ವಿನ್ನಿ ಮೇ'. ಒಳಗಿದ್ದವನು ವೈಲಿ ಪೋಸ್ಟ್ ಒಬ್ಬನೇ. ಎಣ್ಣೆಬಾವಿಯ ಕೆಲಸದಲ್ಲಿದ್ದಾಗ ಒದಗಿದ ಅಪಘಾತದಲ್ಲಿ ಎಡಗಣ್ಣನ್ನು ಕಳೆದುಕೊಂಡು, ಅದಕ್ಕೆ ಬಂದ ಪರಿಹಾರದ ಹಣದಿಂದಲೇ ತನ್ನ ಮೊದಲ ವಿಮಾನವನ್ನು ಕೊಂಡ ಛಲಗಾರನಾತ. ಎರಡು ವರ್ಷಗಳ ಹಿಂದೆ, 1931ರಲ್ಲಿ, ಇದೇ ವಿಮಾನದಲ್ಲಿ ಆತನು ಭೂಮಿಯನ್ನು ಒಂದು ಸುತ್ತು ಹಾಕಿ ಬಂದಿದ್ದನು. ಆಗ ದಿಕ್ಕು ನೋಡಿ ದಾರಿ ಹೇಳಲು ಹೆರಾಲ್ಡ್ ಗ್ಯಾಟಿ ಎಂಬ ನಿಪುಣನು ಜೊತೆಗಿದ್ದನು. ಈ ಸಲ ಜೊತೆಗೆ ಮನುಷ್ಯರಾರೂ ಇರಲಿಲ್ಲ. ಸ್ಪೆರಿ ಸಂಸ್ಥೆಯವರು ಸಿದ್ಧಪಡಿಸಿದ, ಆಗಿನ್ನೂ ಪರೀಕ್ಷೆಯ ಹಂತದಲ್ಲಿದ್ದ ಸ್ವಯಂಚಾಲಕ ಯಂತ್ರವೊಂದಿತ್ತು. ಆಟೋಪೈಲಟ್ ಎಂದು ಇಂದು ಎಲ್ಲರೂ ಕರೆಯುವ ಆ ಯಂತ್ರಕ್ಕೆ 'ಮೆಕ್ಯಾನಿಕಲ್ ಮೈಕ್' ಎಂಬ ಅಕ್ಕರೆಯ ಹೆಸರು ಬಿದ್ದಿತ್ತು.

ವಿಮಾನವನ್ನು ಓಲಾಡದಂತೆ, ಹಿಡಿದ ದಿಕ್ಕು ತಪ್ಪದಂತೆ ನೋಡಿಕೊಳ್ಳುವುದು ಮೈಕನ ಪಾಲಿನ ಕೆಲಸ. ನಕಾಶೆ ನೋಡುವುದು, ಇಂಧನದ ಲೆಕ್ಕವಿಡುವುದು, ಹವೆಯನ್ನು ಅಂದಾಜು ಮಾಡುವುದು ಪೋಸ್ಟನ ಪಾಲಿನದು. 25 ಗಂಟೆ 45 ನಿಮಿಷಗಳ ಕಾಲ ಎಲ್ಲಿಯೂ ಇಳಿಯದೆ ಹಾರಿ ಅವನು ಬರ್ಲಿನ್ ತಲುಪಿದನು. ಮುಂದಿನ ಹಾದಿಯಲ್ಲಿ ಮೈಕನು ಕೈಕೊಟ್ಟನು. ಮಾಸ್ಕೋದಲ್ಲಿಳಿದು ಅವನನ್ನು ದುರಸ್ತಿ ಮಾಡಿಸಬೇಕಾಯಿತು. ಅಲಾಸ್ಕದಲ್ಲಿ ದಾರಿ ತಪ್ಪಿ ಸಣ್ಣ ಊರೊಂದರಲ್ಲಿ ಇಳಿದಾಗ ವಿಮಾನದ ಮೂತಿ ನೆಲಕ್ಕೆ ಬಡಿದು ಪ್ರೊಪೆಲರ್ ಬಾಗಿತು. ಇಷ್ಟಾದರೂ 7 ದಿನ 18 ಗಂಟೆ 49 ನಿಮಿಷಗಳಲ್ಲಿ ಆತನು ನ್ಯೂಯಾರ್ಕಿಗೆ ಮರಳಿದನು. ಒಬ್ಬನೇ ವಿಮಾನದಲ್ಲಿ ಭೂಮಿಯನ್ನು ಸುತ್ತಿ ಬಂದವರಲ್ಲಿ ಅವನೇ ಮೊದಲಿಗ.

ಈ ಸಾಹಸದಲ್ಲಿ ಒಂದು ಸಣ್ಣ ಸಂಗತಿಯಿದೆ. ನಿದ್ದೆಯು ತಡೆಯಲಾರದಷ್ಟು ಒತ್ತರಿಸಿ ಬಂದಾಗ ಪೋಸ್ಟನು ಭಾರವಾದ ಸ್ಪ್ಯಾನರ್ ಒಂದನ್ನು ದಾರದಿಂದ ಬೆರಳಿಗೆ ಕಟ್ಟಿಕೊಂಡು ಕೈಯಲ್ಲಿ ಹಿಡಿದು ಕೂರುತ್ತಿದ್ದನೆಂದು ಪ್ರತೀತಿ. ಕಣ್ಣು ಮುಚ್ಚಿದರೆ ಹಿಡಿತ ಸಡಿಲಾಗುವುದು, ಸ್ಪ್ಯಾನರ್ ಜಾರಿ ಬೀಳುವುದು, ಬೆರಳನ್ನು ಜಗ್ಗುವುದು, ಎಚ್ಚರವಾಗುವುದು. ಯಂತ್ರವು ವಿಮಾನವನ್ನು ಕಾಯುತ್ತಿತ್ತು, ನಿಜ. ಆದರೆ ಯಂತ್ರವನ್ನು ಕಾಯುವವನು ಯಾರು? ಆ ಕಾವಲುಗಾರನನ್ನು ಕಾಯುವವನು ಯಾರು? ಒಂಟಿಯಾಗಿ ಹಾರುವವನ ಎದುರಿಗೆ ಈ ಪ್ರಶ್ನೆ ಅಂದು ಹೇಗಿತ್ತೋ ಇಂದಿಗೂ ಹಾಗೆಯೇ ನಿಂತಿದೆ.

ಬುಗುರಿಯ ವಿದ್ಯೆ

ಸ್ವಯಂಚಾಲಕದ ಗುಟ್ಟು ಮಕ್ಕಳಾಡುವ ಬುಗುರಿಯಲ್ಲಿದೆ. ರಭಸದಿಂದ ತಿರುಗುತ್ತಿರುವ ಬುಗುರಿಯನ್ನು ಅಂಗೈಗೆ ತೆಗೆದುಕೊಂಡು ಅಂಗೈಯನ್ನು ಕೊಂಚ ಓರೆ ಮಾಡಿದರೂ ಬುಗುರಿ ನೆಟ್ಟಗೇ ನಿಂತಿರುತ್ತದೆ. ಗೈರೋಸ್ಕೋಪು ಇಂಥದೇ ಒಂದು ಲೋಹದ ಚಕ್ರ. ವಿಮಾನವು ಎತ್ತ ವಾಲಿದರೂ ಅದರ ಅಚ್ಚು ತನ್ನ ನೆಲೆಯನ್ನು ಬಿಡುವುದಿಲ್ಲ. ಅಚ್ಚಿಗೂ ವಿಮಾನದ ಒಡಲಿಗೂ ನಡುವೆ ಎಷ್ಟು ಓರೆ ಬಿದ್ದಿತೆಂಬುದನ್ನು ಗುರುತಿಸಿ, ಅಷ್ಟನ್ನು ಸರಿಪಡಿಸುವಂತೆ ರೆಕ್ಕೆಯ ಮತ್ತು ಬಾಲದ ಹಲಗೆಗಳನ್ನು ತಿರುಗಿಸಿದರೆ ಸ್ವಯಂಚಾಲಕ ಸಿದ್ಧವಾಯಿತು.

1914ರ ಜೂನ್ ತಿಂಗಳಲ್ಲಿ, ಪ್ಯಾರಿಸ್ ಬಳಿಯ ಸೇನ್ ನದಿಯ ಮೇಲೆ, ಲಾರೆನ್ಸ್ ಸ್ಪೆರಿ ಎಂಬ ತರುಣನು ಇದನ್ನು ಜನರಿಗೆ ತೋರಿಸಿದನು. ವಿಮಾನವು ತೀರ್ಪುಗಾರರ ಮುಂದೆ ಹಾದುಹೋಗುವಾಗ ಆತನ ಸಹಾಯಕನು ಹೊರಬಂದು ರೆಕ್ಕೆಯ ಮೇಲೆ ನಡೆದನು. ಸ್ಪೆರಿಯು ಎರಡೂ ಕೈಗಳನ್ನು ಮೇಲೆತ್ತಿದನು. ವಿಮಾನವು ಅಲುಗದೆ ಸಾಗಿತು. ನೋಡಿದವರು ಬೆರಗಾದರು.

ಆದರೂ ಮುಂದೆ ಬಹುಕಾಲ ವೈಮಾನಿಕರು ತಮ್ಮ ಕೈಯನ್ನೇ ನಂಬಿ ಹಾರಬೇಕಾಗಿತ್ತು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗನು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಮೂವತ್ತಮೂರೂವರೆ ಗಂಟೆ ಒಬ್ಬನೇ ಹಾರಿದಾಗ ಅವನ ವಿಮಾನದಲ್ಲಿ ಯಾವ ಸ್ವಯಂಚಾಲಕವೂ ಇರಲಿಲ್ಲ. ಆ ವಿಮಾನವು ತುಂಟ ಕುದುರೆಯಂತೆ. ಕ್ಷಣಕಾಲ ಗಮನ ತಪ್ಪಿದರೂ ಪಕ್ಕಕ್ಕೆ ಸರಿಯುತ್ತಿತ್ತು. ಆ ತುಂಟತನವೇ ತೂಕಡಿಸುತ್ತಿದ್ದ ಸವಾರನನ್ನು ಮತ್ತೆ ಮತ್ತೆ ಎಬ್ಬಿಸಿತು. 1931ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಎಂಬಾತನು ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಪುಟ್ಟ ತೆರೆದ ವಿಮಾನದಲ್ಲಿ ಸಮುದ್ರದ ಮೇಲೆ ಹಾರಿದನು. ವಿಮಾನವನ್ನು ನಡೆಸುತ್ತಲೇ ಸೂರ್ಯನ ಎತ್ತರವನ್ನು ಅಳೆದು, ಕೋಷ್ಟಕ ನೋಡಿ, ಲೆಕ್ಕ ಹಾಕಬೇಕಾಗಿತ್ತು. ಅಂಥ ಗಡಿಬಿಡಿಯಲ್ಲಿ ಲೆಕ್ಕ ತಪ್ಪುವುದು ಸಹಜವೆಂದು ಅರಿತಿದ್ದ ಆತನು ಹುಡುಕಬೇಕಾದ ದ್ವೀಪಕ್ಕೆ ನೇರವಾಗಿ ಗುರಿಯಿಡಲಿಲ್ಲ. ಬೇಕೆಂದೇ ಅದರ ಒಂದು ಪಕ್ಕಕ್ಕೆ ಗುರಿಯಿಟ್ಟನು. ನೇರವಾಗಿ ಹೋಗಿ ದ್ವೀಪ ಕಾಣದಿದ್ದರೆ ಎಡಕ್ಕೆ ತಿರುಗಬೇಕೋ ಬಲಕ್ಕೋ ತಿಳಿಯದು. ಪಕ್ಕಕ್ಕೆ ಹೋದವನಿಗೆ ಯಾವ ಕಡೆ ತಿರುಗಬೇಕೆಂಬುದು ನಿಶ್ಚಯವಾಗಿ ಗೊತ್ತು.

ಭಾರತದ ಮೊದಲ ಅಂಚೆ ವಿಮಾನಗಳ ಕಥೆಯೂ ಒಂಟಿ ವೈಮಾನಿಕರ ಕಥೆಯೇ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯ ಚೀಲಗಳನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಅವುಗಳನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ವಿಮಾನದಲ್ಲಿ ರೇಡಿಯೋ ಕೂಡ ಇರಲಿಲ್ಲ. ಕಣ್ಣು, ಕೈ, ದಿಕ್ಸೂಚಿ, ನಕಾಶೆ, ಇಷ್ಟೇ ಅವರ ಬಂಡವಾಳ.

ಅಂದಿನವರಿಗೆ ಕೆಲಸ ಹೆಚ್ಚಾಗಿತ್ತು, ಆದುದರಿಂದ ದಣಿಯುತ್ತಿದ್ದರು. ಇಂದಿನವರಿಗೆ ಕೈಕೆಲಸ ಕಡಿಮೆಯಾಗಿದೆ. ಅದರಿಂದ ಬೇರೊಂದು ಅಪಾಯ ಹುಟ್ಟಿಕೊಂಡಿದೆ.

ಸುಮ್ಮನೆ ಕಾಯುವವನ ಕಷ್ಟ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಮಾನಗಳಲ್ಲಿ ಕುಳಿತು ರೇಡಾರಿನ ತೆರೆಯ ಮೇಲೆ ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದವರು ಸ್ಪಷ್ಟವಾಗಿ ಕಾಣುವ ಗುರುತುಗಳನ್ನೂ ಕೆಲವೊಮ್ಮೆ ಕಾಣದೆ ಬಿಡುತ್ತಿದ್ದರು. ಕಾರಣವೇನೆಂದು ತಿಳಿಯಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞನು ಒಂದು ವಿಚಿತ್ರ ಗಡಿಯಾರವನ್ನು ಮಾಡಿಸಿದನು. ಅದರ ಮುಳ್ಳು ಒಂದೊಂದೇ ಹೆಜ್ಜೆ ಮುಂದೆ ಸಾಗುವುದು. ಎಂದೋ ಒಮ್ಮೆ ಎರಡು ಹೆಜ್ಜೆಯನ್ನು ಒಟ್ಟಿಗೆ ನೆಗೆಯುವುದು. ಆ ನೆಗೆತವನ್ನು ಕಂಡಾಗ ಗುಂಡಿಯೊಂದನ್ನು ಒತ್ತಬೇಕು. ಇಷ್ಟು ಸುಲಭವಾದ ಕೆಲಸದಲ್ಲಿಯೂ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜನರು ನೆಗೆತಗಳನ್ನು ಕಾಣದೆ ಬಿಡುವುದು ಹೆಚ್ಚಾಯಿತು. 1948ರಲ್ಲಿ ಆತನು ಈ ಫಲಿತಾಂಶಗಳನ್ನು ಪ್ರಕಟಿಸಿದನು. ಅವರು ಸೋಮಾರಿಗಳಲ್ಲ, ಅಸಡ್ಡೆಯವರೂ ಅಲ್ಲ. ಏನೂ ಆಗದಿರುವುದನ್ನು ಎವೆಯಿಕ್ಕದೆ ನೋಡುತ್ತಿರುವ ಕೆಲಸಕ್ಕೆ ಮನುಷ್ಯನ ಮನಸ್ಸು ತಕ್ಕುದಲ್ಲ, ಅಷ್ಟೇ.

ಸ್ವಯಂಚಾಲಕವು ವೈಮಾನಿಕನಿಗೆ ವಹಿಸುವುದು ಇದೇ ಕೆಲಸವನ್ನು. ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆಯು 1983ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಈ ವಿಪರ್ಯಾಸವನ್ನು ಬಿಡಿಸಿ ತೋರಿಸಿದಳು. ಸುಲಭವಾದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನುಷ್ಯನ ಪಾಲಿಗೆ ಉಳಿಯುವುದು ಅತಿ ಕಠಿನವಾದವು ಮಾತ್ರ. ಅವುಗಳನ್ನು ಮಾಡಲು ಬೇಕಾದ ಕೈಪಳಗಿಕೆಯೋ ಬಳಕೆಯಿಲ್ಲದೆ ಅಷ್ಟರಲ್ಲಿ ಮಾಸಿಹೋಗಿರುತ್ತದೆ.

ಬೇಸರಗೊಂಡ ಮನಸ್ಸು ಬೇರೊಂದು ಕೆಲಸವನ್ನು ಹುಡುಕುತ್ತದೆ. 2009ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯೇಗೊದಿಂದ ಮಿನಿಯಾಪೊಲಿಸ್ಸಿಗೆ ಹೊರಟಿದ್ದ ಪ್ರಯಾಣಿಕ ವಿಮಾನವೊಂದರ ಇಬ್ಬರು ಚಾಲಕರು ತಮ್ಮ ಸ್ವಂತ ಕಂಪ್ಯೂಟರುಗಳನ್ನು ತೆರೆದು ಕೆಲಸದ ವೇಳಾಪಟ್ಟಿಯ ಚರ್ಚೆಯಲ್ಲಿ ಮುಳುಗಿದರು. ಒಂದು ಗಂಟೆಗೂ ಹೆಚ್ಚು ಕಾಲ ನೆಲದಿಂದ ಬಂದ ಕರೆಗಳಿಗೆ ಉತ್ತರವಿರಲಿಲ್ಲ. ಊರನ್ನು ದಾಟಿ ನೂರು ಮೈಲಿಗೂ ಹೆಚ್ಚು ಮುಂದೆ ಹೋದ ಮೇಲೆಯೇ ಅವರಿಗೆ ಎಚ್ಚರವಾದುದು. ಅದೃಷ್ಟವಶಾತ್ ವಿಮಾನವು ಹಿಂದಿರುಗಿ ಸುರಕ್ಷಿತವಾಗಿ ಇಳಿಯಿತು.

ನಾಲ್ವರು ಮತ್ತು ಒಂದು ದೀಪ

ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. 1972ರ ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕಿನಿಂದ ಹೊರಟ ಈಸ್ಟರ್ನ್ ಏರ್‌ಲೈನ್ಸಿನ 401ನೆಯ ವಿಮಾನವು ಮಯಾಮಿಯನ್ನು ಸಮೀಪಿಸಿತ್ತು. ಚಕ್ರಗಳನ್ನು ಇಳಿಸಿದಾಗ ಮುಂದಿನ ಚಕ್ರದ ಹಸುರು ದೀಪ ಹೊತ್ತಲಿಲ್ಲ. ಚಕ್ರ ಇಳಿದಿಲ್ಲವೋ, ದೀಪವೇ ಕೆಟ್ಟಿದೆಯೋ? ಪರೀಕ್ಷಿಸುವುದಕ್ಕಾಗಿ ವಿಮಾನವನ್ನು 2,000 ಅಡಿ ಎತ್ತರದಲ್ಲಿ, ಎವರ್‌ಗ್ಲೇಡ್ಸ್ ಎಂಬ ಜೌಗುನೆಲದ ಮೇಲೆ, ಸ್ವಯಂಚಾಲಕಕ್ಕೆ ಒಪ್ಪಿಸಲಾಯಿತು. ಚಾಲಕರ ಕೋಣೆಯಲ್ಲಿ ಆಗ ನಾಲ್ವರು ಅನುಭವಿಗಳಿದ್ದರು. ನಾಲ್ವರ ಗಮನವೂ ಆ ಒಂದು ದೀಪದ ಕಡೆಗೆ ತಿರುಗಿತು.

ಈ ನಡುವೆ, ಯಾರೋ ಅರಿಯದೆ ಚಾಲನದಂಡವನ್ನು ಒತ್ತಿದ್ದರಿಂದ, ಎತ್ತರವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಬಿಟ್ಟುಹೋಗಿರಬೇಕು. ಉಳಿದುದೆಲ್ಲ ಎಂದಿನಂತೆಯೇ ನಡೆಯುತ್ತಿತ್ತು. ವಿಮಾನವು ಯಾರಿಗೂ ತಿಳಿಯದಷ್ಟು ಮೆಲ್ಲಗೆ ಕೆಳಗಿಳಿಯತೊಡಗಿತು. ಎತ್ತರ ತಪ್ಪಿತೆಂದು ಸೂಚಿಸುವ ಸಣ್ಣ ಗಂಟೆಯೊಂದು ಬಾರಿಸಿತು, ಯಾರೂ ಗಮನಿಸಲಿಲ್ಲ. ಕೆಳಗೆ ಕತ್ತಲೆ, ನೆಲವು ಸಮೀಪಿಸುತ್ತಿರುವುದನ್ನು ತಿಳಿಸುವ ಬೆಳಕೊಂದೂ ಇರಲಿಲ್ಲ. ಕಡೆಗೆ ವಿಮಾನವು ಜೌಗಿಗೆ ಅಪ್ಪಳಿಸಿತು. 176 ಜನರಲ್ಲಿ 101 ಜನರು ಪ್ರಾಣ ಕಳೆದುಕೊಂಡರು. ಚಕ್ರವು ಸರಿಯಾಗಿಯೇ ಇಳಿದಿತ್ತು. ಕೆಟ್ಟಿದ್ದುದು ದೀಪದ ಬಲ್ಬು ಮಾತ್ರ. ಕೊನೆಯ ನಾಲ್ಕು ನಿಮಿಷಗಳ ಕಾಲ ಮಾಪಕಗಳ ಮೇಲೆ ಯಾರ ಕಣ್ಣೂ ಇರಲಿಲ್ಲವೆಂಬುದೇ ತನಿಖೆಯ ತೀರ್ಮಾನವಾಯಿತು.

ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದವರೊಡನೆ ಮಾತಿಗೆ ನಿಂತ ಗೃಹಿಣಿಗೆ ಈ ಬಗೆಯ ಮರೆವಿನ ಪರಿಚಯವುಂಟು. ಹಾಲು ಉಕ್ಕಿದರೆ ಒಲೆ ಒರೆಸಿದರಾಯಿತು. ಆಕಾಶದಲ್ಲಿ ಹಾಗಲ್ಲ. ನಾಲ್ವರಿದ್ದಾಗಲೂ ನಡೆದ ಈ ಪ್ರಮಾದವು ಒಬ್ಬನೇ ಇದ್ದಾಗ ಎಷ್ಟು ಸುಲಭವಾಗಿ ನಡೆಯಬಹುದು! ಅಮೆರಿಕದಲ್ಲಿ 1981ರಲ್ಲಿ ಒಂದು ನಿಯಮ ಬಂದಿತು: ಪ್ರಯಾಣಿಕರ ದೊಡ್ಡ ವಿಮಾನಗಳು 10,000 ಅಡಿಗಿಂತ ಕೆಳಗೆ ಹಾರುತ್ತಿರುವಾಗ ಚಾಲಕರು ಹಾರಾಟಕ್ಕೆ ಅಗತ್ಯವಲ್ಲದ ಮಾತನ್ನಾಡಕೂಡದು, ಅಗತ್ಯವಲ್ಲದ ಕೆಲಸ ಮಾಡಕೂಡದು. ಸ್ವಂತ ವಿಮಾನದಲ್ಲಿ ಹಾರುವವನಿಗೆ ಇಂಥ ನಿಯಮವನ್ನು ಹೇರುವವರಿಲ್ಲ, ಆತನೇ ಹೇರಿಕೊಳ್ಳಬೇಕು.

ಎದುರು ಮಾತಾಡದ ಜೊತೆಗಾರ

ಇಂದಿನ ಸಣ್ಣ ವಿಮಾನವು ಪೋಸ್ಟನ ಕಾಲದ್ದಲ್ಲ. ಎದುರಿಗೆ ಎರಡು ಮೂರು ಬಣ್ಣದ ತೆರೆಗಳು. ದಾರಿ, ಬೆಟ್ಟ, ಮಳೆ, ಪಕ್ಕದ ವಿಮಾನಗಳು ಎಲ್ಲವೂ ಅದರಲ್ಲಿ ಕಾಣುತ್ತವೆ. ಹೋಗಬೇಕಾದ ಹಾದಿಯನ್ನು ಕೆನ್ನೇರಳೆ ಬಣ್ಣದ ಗೆರೆಯೊಂದು ತೋರಿಸುತ್ತದೆ. 1997ರಲ್ಲಿ ಅಮೆರಿಕದ ವಿಮಾನ ಶಿಕ್ಷಕ ವಾರನ್ ವ್ಯಾಂಡರ್‌ಬರ್ಗ್ ಎಂಬವರು, ಆ ಗೆರೆಯನ್ನು ಬಿಟ್ಟು ಹಾರಲರಿಯದಂತಾದ ಚಾಲಕರನ್ನು 'ಕೆನ್ನೇರಳೆ ಗೆರೆಯ ಮಕ್ಕಳು' ಎಂದು ಕರೆದರು. ಆ ಮಾತು ವೈಮಾನಿಕರ ನಡುವೆ ಇನ್ನೂ ಬಳಕೆಯಲ್ಲಿದೆ.

ಅಮೆರಿಕದ ಕಾನೂನು ಸಣ್ಣ ಬಾಡಿಗೆ ವಿಮಾನಗಳಿಗೆ ಒಂದು ವಿನಾಯಿತಿಯನ್ನು ಕೊಟ್ಟಿದೆ. ಮೋಡಗಳ ನಡುವೆ ಮಾಪಕಗಳನ್ನೇ ನಂಬಿ ಪ್ರಯಾಣಿಕರನ್ನು ಕರೆದೊಯ್ಯುವಾಗ ಇಬ್ಬರು ಚಾಲಕರಿರಬೇಕು. ಆದರೆ ತಕ್ಕ ಸ್ವಯಂಚಾಲಕವಿದ್ದು, ಚಾಲಕನಿಗೆ ತಕ್ಕ ಅರ್ಹತೆಯಿದ್ದರೆ ಎರಡನೆಯವನಿಲ್ಲದೆಯೂ ಹಾರಬಹುದು. ಹೀಗೆ ಕಾನೂನಿನ ಕಣ್ಣಿನಲ್ಲಿ ಯಂತ್ರವೇ ಎರಡನೆಯ ಚಾಲಕ. ಆದರೆ ಈ ಚಾಲಕನಲ್ಲಿ ಒಂದು ಕೊರತೆಯಿದೆ. ಪಕ್ಕದಲ್ಲಿ ಮನುಷ್ಯನಿದ್ದರೆ, "ತಾವು ಹೇಳಿದ ಎತ್ತರ ಸರಿಯೇ? ಇನ್ನೊಮ್ಮೆ ನೋಡಿ" ಎಂದಾನು. ಯಂತ್ರವು ಹಾಗೆನ್ನುವುದಿಲ್ಲ. ತಪ್ಪು ಅಪ್ಪಣೆಯನ್ನೂ ಸರಿಯಾದ ಅಪ್ಪಣೆಯಷ್ಟೇ ಶ್ರದ್ಧೆಯಿಂದ ನೆರವೇರಿಸುತ್ತದೆ.

ಒಂದು ನಿದರ್ಶನ. 'ನಿಮಿಷಕ್ಕೆ 700 ಅಡಿಯಂತೆ ಏರು' ಎಂದು ಯಂತ್ರಕ್ಕೆ ಅಪ್ಪಣೆಯಾಗಿದೆ ಎನ್ನೋಣ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಸಾಮಾನ್ಯ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಯಂತ್ರವು ಮಾತ್ರ 700 ಅಡಿಯ ಹಟವನ್ನು ಬಿಡದೆ ವಿಮಾನದ ಮೂತಿಯನ್ನು ಇನ್ನಷ್ಟು, ಮತ್ತಷ್ಟು ಎತ್ತುತ್ತದೆ. ವೇಗ ಇಳಿಯುತ್ತದೆ. ಚಾಲಕನು ಅತ್ತ ಕಣ್ಣು ಹಾಯಿಸದೆ ನಕಾಶೆಯಲ್ಲಿ ಮುಳುಗಿದ್ದರೆ, ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ ಬರುತ್ತದೆ. ಇನ್ನೊಂದು: ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತಿರುವಾಗ ಯಂತ್ರವು ಆ ಭಾರವನ್ನು ಸದ್ದಿಲ್ಲದೆ ಸರಿದೂಗಿಸುತ್ತಿರುತ್ತದೆ. ತನ್ನ ಶಕ್ತಿ ಮೀರಿದಾಗ ಥಟ್ಟನೆ ಕೈಬಿಡುತ್ತದೆ. ಆ ಕ್ಷಣದಲ್ಲಿ ಚಾಲಕನ ಕೈಗೆ ಬರುವುದು ಆತನು ಅರಿಯದ ಬೇರೊಂದೇ ವಿಮಾನ. ಆದುದರಿಂದಲೇ ಮಂಜುಗಡ್ಡೆಯ ಹವೆಯಲ್ಲಿ ಆಗಾಗ ಯಂತ್ರವನ್ನು ಬಿಡಿಸಿ, ವಿಮಾನದ ಭಾರವನ್ನು ಸ್ವಂತ ಕೈಯಿಂದ ತಿಳಿಯಬೇಕೆಂದು ಬಲ್ಲವರು ಹೇಳುತ್ತಾರೆ.

ತನಗೆ ತಾನೇ ಎರಡನೆಯವನು

ಹಾಗಾದರೆ ಒಂಟಿ ವೈಮಾನಿಕನು ಮಾಡಬೇಕಾದುದೇನು? ತನ್ನೊಳಗೇ ಎರಡನೆಯವನೊಬ್ಬನನ್ನು ಬೆಳೆಸಿಕೊಳ್ಳುವುದು. ಇದು ವೇದಾಂತವಲ್ಲ, ಕೆಲವು ಸರಳವಾದ ಅಭ್ಯಾಸಗಳು.

ಮೊದಲನೆಯದು, ಆಕಾಶದ ಕೆಲಸವನ್ನು ನೆಲದ ಮೇಲೆಯೇ ಮುಗಿಸುವುದು. ದಾರಿಯನ್ನು ಯಂತ್ರಕ್ಕೆ ತಿಳಿಸುವುದು, ರೇಡಿಯೋವಿನ ಅಂಕಿಗಳನ್ನು ಹೊಂದಿಸುವುದು, ಇಳಿಯುವ ಊರಿನ ವಿವರ ಓದುವುದು, ಇವೆಲ್ಲ ವಿಮಾನವು ಕದಲುವ ಮುನ್ನ ಆಗಬೇಕು. ನೆನಪನ್ನು ನಂಬದೆ ಬರೆದ ಪಟ್ಟಿಯನ್ನು ಓದಿ ಒಂದೊಂದನ್ನೂ ಪರೀಕ್ಷಿಸಬೇಕು. ಈ ಪಟ್ಟಿಗೂ ಒಂದು ದುರಂತದ ಹಿನ್ನೆಲೆಯಿದೆ. 1935ರ ಅಕ್ಟೋಬರಿನಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ಸೈನಿಕ ವಿಮಾನವೊಂದು ಓಹಾಯೋದ ರೈಟ್ ಫೀಲ್ಡಿನಲ್ಲಿ ಮೇಲೆದ್ದೊಡನೆ ಕೆಡೆದು ಇಬ್ಬರು ಮೃತರಾದರು. ಗಾಳಿಗೆ ಅಲುಗದಿರಲೆಂದು ಬಾಲದ ಹಲಗೆಗಳಿಗೆ ಹಾಕಿದ್ದ ಬೀಗವನ್ನು ತೆಗೆಯಲು ನುರಿತ ಚಾಲಕರು ಮರೆತಿದ್ದರು. ಅದಾದ ಮೇಲೆಯೇ ಬರೆದ ಪಟ್ಟಿಯು ವೈಮಾನಿಕರ ನಿತ್ಯಪಾಠವಾಯಿತು.

ಎರಡನೆಯದು, ಗುಂಡಿ ಒತ್ತಿದ್ದನ್ನೇ ಕೆಲಸವಾಯಿತೆಂದು ತಿಳಿಯದಿರುವುದು. ಒತ್ತಿದ ಮೇಲೆ ತೆರೆಯ ಮೇಲ್ಭಾಗದಲ್ಲಿ ಯಂತ್ರವು ಯಾವ ಅಪ್ಪಣೆಯನ್ನು ಸ್ವೀಕರಿಸಿತೆಂಬುದು ಅಕ್ಷರಗಳಲ್ಲಿ ಮೂಡುತ್ತದೆ. ಅದನ್ನು ಬೆರಳಿಟ್ಟು ತೋರಿಸಿ, ಬಾಯಿಬಿಟ್ಟು ಓದಬೇಕು: "ದಿಕ್ಕು 270. ಎತ್ತರ 6,000." ಒಬ್ಬನೇ ಕುಳಿತು ಮಾತನಾಡುವುದು ಹುಚ್ಚಾಟದಂತೆ ಕಂಡೀತು. ಆದರೆ ಜಪಾನಿನ ರೈಲು ಚಾಲಕರು ಇಂದಿಗೂ ಪ್ರತಿ ಸಿಗ್ನಲನ್ನು ಬೆರಳಿನಿಂದ ತೋರಿಸಿ ಗಟ್ಟಿಯಾಗಿ ಹೇಳುತ್ತಾರೆ. ಕಣ್ಣು ಜಾರಿಸಿದ್ದನ್ನು ಕಿವಿ ಹಿಡಿಯುತ್ತದೆ.

ಮೂರನೆಯದು, ಏರುವಾಗಲೂ ಇಳಿಯುವಾಗಲೂ ಬೇರೆಲ್ಲವನ್ನೂ ಬದಿಗಿಡುವುದು. ಸೇರಬೇಕಾದ ಎತ್ತರಕ್ಕೆ ಇನ್ನು 1,000 ಅಡಿ ಇರುವಾಗ ಬೇರೆ ಕೆಲಸಗಳೆಲ್ಲ ನಿಲ್ಲಬೇಕು. ಯಂತ್ರವು ಆ ಎತ್ತರದಲ್ಲಿ ನಿಲ್ಲುವುದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದಿನದು. ಪೆನ್ಸಿಲು ಕೆಳಗೆ ಬಿದ್ದರೆ ಬೀಳಲಿ. ಮೋಡದೊಳಗೆ ಥಟ್ಟನೆ ಬಗ್ಗಿ ತಲೆ ತಿರುಗಿಸಿದರೆ ಕಿವಿಯೊಳಗಿನ ದ್ರವ ಕದಡಿ, ನೆಟ್ಟಗೆ ಹೋಗುತ್ತಿರುವ ವಿಮಾನವೂ ಸುತ್ತುತ್ತಿರುವಂತೆ ಭಾಸವಾಗುತ್ತದೆ. ಇನ್ನೊಂದು ಪೆನ್ಸಿಲನ್ನು ಜೇಬಿನಲ್ಲಿಟ್ಟುಕೊಳ್ಳುವುದೇ ಜಾಣತನ. ಮೊಬೈಲ್ ಫೋನಿಗೂ ಇದೇ ಮಾತು. ಅದರ ಜಾಗ ಚೀಲದೊಳಗೆ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಯಂತ್ರವು ನೆನೆಯದ ಕಡೆಗೆ ತಿರುಗಿದಾಗ, "ಇದೀಗ ಏನು ಮಾಡುತ್ತಿದೆ?" ಎಂಬ ಉದ್ಗಾರ ಚಾಲಕನ ಬಾಯಿಂದ ಹೊರಡುತ್ತದೆ. ಆಗ ಗುಂಡಿಗಳನ್ನು ಒಂದರ ಮೇಲೊಂದು ಒತ್ತುತ್ತ ಗುಟ್ಟನ್ನು ಬಿಡಿಸಲು ಕೂತವನು ಹಾರುವುದನ್ನು ಮರೆಯುತ್ತಾನೆ. ಯಂತ್ರವನ್ನು ಬಿಡಿಸಿ, ವಿಮಾನವನ್ನು ಕೈಗೆ ತೆಗೆದುಕೊಂಡು, ರೆಕ್ಕೆಗಳನ್ನು ಸಮ ಮಾಡಿ, ಉಸಿರು ತೆಗೆದುಕೊಂಡು, ಅನಂತರ ಯೋಚಿಸುವುದು ಲೇಸು. ಮೊದಲು ಹಾರಾಟ, ಆಮೇಲೆ ದಾರಿ, ಕೊನೆಗೆ ಮಾತು ಎಂಬುದು ವೈಮಾನಿಕರ ಹಳೆಯ ಸೂತ್ರ. ನೆಲದಿಂದ ಕರೆ ಬಂದರೂ "ತಾಳಿ" ಎನ್ನುವ ಅಧಿಕಾರ ಚಾಲಕನಿಗುಂಟು. ಅದನ್ನು ಬಳಸಲು ನಾಚುವವನು ಒಂಟಿಯಾಗಿ ಹಾರಬಾರದು.

ಹೀಗೆ ಕೈಗೆ ತೆಗೆದುಕೊಳ್ಳಬೇಕಾದರೆ ಕೈಯಲ್ಲಿ ಪಳಗಿಕೆ ಉಳಿದಿರಬೇಕು. 2013ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆಯು ಚಾಲಕರಿಗೆ ಕೈಯಿಂದ ಹಾರಿಸುವ ಅವಕಾಶವನ್ನು ಹೆಚ್ಚಿಸಬೇಕೆಂದು ವಿಮಾನ ಸಂಸ್ಥೆಗಳಿಗೆ ಸಲಹೆ ಮಾಡಿತು. ಒಂಟಿ ವೈಮಾನಿಕನು ತಿಳಿಯಾದ ಹಗಲಿನಲ್ಲಿ ಆಗಾಗ ಯಂತ್ರದ ನೆರವಿಲ್ಲದೆ ಹಾರಿ, ಈ ಸಾಲವನ್ನು ತೀರಿಸುತ್ತಿರಬೇಕು.

ಯಂತ್ರಗಳು ಇನ್ನೂ ಮುಂದುವರಿದಿವೆ. 2020ರಲ್ಲಿ ಗಾರ್ಮಿನ್ ಸಂಸ್ಥೆಯ ಹೊಸ ವ್ಯವಸ್ಥೆಯೊಂದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಚಾಲಕನು ಮೂರ್ಛೆಹೋದರೆ ಪ್ರಯಾಣಿಕನು ಒಂದು ಗುಂಡಿ ಒತ್ತಿದರೆ ಸಾಕು; ವಿಮಾನವು ತಾನಾಗಿಯೇ ಹತ್ತಿರದ ತಕ್ಕ ನಿಲ್ದಾಣವನ್ನು ಆರಿಸಿ, ರೇಡಿಯೋದಲ್ಲಿ ಸುದ್ದಿ ಹೇಳಿ, ಇಳಿದು ನಿಲ್ಲುತ್ತದೆ. ಇದು ನಿಜಕ್ಕೂ ದೊಡ್ಡ ವರ. ಆದರೆ ಇದು ಮೂರ್ಛೆಹೋದವನಿಗೆ ಮದ್ದು; ಎಚ್ಚರವಿದ್ದೂ ಮೈಮರೆತವನಿಗೆ ಅಲ್ಲ.

ಸಣ್ಣ ವಿಮಾನದಲ್ಲಿ ಹಿಂದೆ ಕುಳಿತವರು ಬಹುಮಟ್ಟಿಗೆ ಚಾಲಕನ ಮನೆಯವರೇ. ಅವರಿಗೂ ಒಂದು ಪಾತ್ರವುಂಟು. ಹೊರಡುವ ಮುನ್ನ ಆತನು ಹೇಳಿಡಬೇಕು: ಕೈ ಎತ್ತಿದಾಗ ಮಾತು ನಿಲ್ಲಲಿ, ಹತ್ತಿರದಲ್ಲಿ ಬೇರೆ ವಿಮಾನ ಕಂಡರೆ ಮಾತ್ರ ಕೂಗಿ ಹೇಳಿ. ಇಳಿಯುವ ಪಟ್ಟಿ ಎದುರಿಗೆ ಕಂಡಾಗ ಆತನು ಸ್ವಯಂಚಾಲಕವನ್ನು ಬಿಡಿಸುತ್ತಾನೆ. ಚಕ್ರದ ಮೂರು ಹಸುರು ದೀಪಗಳನ್ನು ಬೆರಳಿಟ್ಟು ಎಣಿಸುತ್ತಾನೆ. ವೇಗವನ್ನು ಗಟ್ಟಿಯಾಗಿ ಓದುತ್ತಾನೆ. ಪಕ್ಕದಲ್ಲಿ ಕುಳಿತ ಮಡದಿ ಸುಮ್ಮನಿರುತ್ತಾಳೆ; ಹಿಂದಿನ ಮಕ್ಕಳೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಊರು ಹೇಗಿದೆ, ಊಟಕ್ಕೆಲ್ಲಿ, ಕರೆದೊಯ್ಯಲು ಯಾರು ಬರುತ್ತಾರೆ ಎಂಬ ಮಾತೆಲ್ಲ ಚಕ್ರಗಳು ನೆಲ ಮುಟ್ಟಿ, ವಿಮಾನವು ಪಟ್ಟಿಯಿಂದ ಪಕ್ಕಕ್ಕೆ ಸರಿದು ನಿಂತ ಮೇಲೆ.